ಸೂರ್ಯನ ಮೇಲೆ ಹೊರಿಸುವ ಅಪವಾದ



ಹೋದ ತಿಂಗಳು ನಮ್ಮ ಮನೆತನದ ವಾಟ್ಸಾಪ್ ಬಳಗಕ್ಕೆ ಒಂದು ಸಂದೇಶ ಬಂದಿತು. ಸೂರ್ಯನಲ್ಲಿ ಭೀಕರ ಬಿರುಗಾಳಿ ಎದ್ದಿದೆ, ಭೂಮಿಗೆ ಮೂರು ದಿನ ಕತ್ತಲೆ, ಮೊಬೈಲನ್ನು ತಲೆಯ ಬಳಿ ಇಟ್ಟುಕೊಂಡು ಮಲಗಬೇಡಿ, ಇದನ್ನು ಹತ್ತು ಜನಕ್ಕೆ ಕಳುಹಿಸಿ ಎಂಬುದು ಅದರ ಒಕ್ಕಣೆ. ಕಳುಹಿಸಿದವರು ನನ್ನ ಸೋದರಮಾವನ ಮಗ. ಮೂವತ್ತು ವರ್ಷ ಬ್ಯಾಂಕಿನ ಲೆಕ್ಕಪತ್ರ ನೋಡಿದ ಭಾವನವರು. ಅದೇ ವಾರ, ವಿದ್ಯುತ್ ಪ್ರಸರಣದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನನ್ನು ಈ ಬಗ್ಗೆ ದೂರವಾಣಿಯಲ್ಲಿ ಕೇಳಿದೆ. "ಅದೆಲ್ಲ ಕೆನಡಾದವರ ತಲೆನೋವು ಸಾರ್, ನಮ್ಮ ಕಡೆ ಅಂಥದ್ದೇನೂ ಆಗೋದಿಲ್ಲ. ಆದರೂ ಸೂರ್ಯನನ್ನು ನಾವೇನು ಮಾಡೋಕಾಗುತ್ತೆ?" ಎಂದು ನಕ್ಕ.

ಭಾವನವರ ಭಯಕ್ಕೂ ಈ ಹುಡುಗನ ನಗುವಿಗೂ ಹೆಚ್ಚು ಅಂತರವಿಲ್ಲವೆಂಬುದೇ ನನ್ನ ತಕರಾರು. ಒಬ್ಬರು ಎಲ್ಲವೂ ಮುಗಿಯಿತೆನ್ನುತ್ತಾರೆ, ಇನ್ನೊಬ್ಬ ಏನೂ ಆಗದೆನ್ನುತ್ತಾನೆ; ಇಬ್ಬರ ಮಾತಿನಲ್ಲಿಯೂ ಮನುಷ್ಯನು ಮಾಡಬೇಕಾದ ಕೆಲಸವೆಂಬುದೇ ಇಲ್ಲ. ಆದರೆ ಇದುವರೆಗೆ ಸೌರ ಬಿರುಗಾಳಿಯಿಂದ ಎಲ್ಲೆಲ್ಲಿ ದೀಪಗಳು ಆರಿವೆಯೋ ಅಲ್ಲೆಲ್ಲ ಸೂರ್ಯನಷ್ಟೇ ಪಾತ್ರ ನಮ್ಮ ಯಂತ್ರಗಳ ಹೊಂದಾಣಿಕೆಯದೂ ಇದೆ.

ಹತ್ತನೆಯ ತರಗತಿಯಲ್ಲಿ ತಾಮ್ರದ ತಂತಿಯ ಸುರುಳಿಗೆ ಗ್ಯಾಲ್ವನೋಮೀಟರ್ ಜೋಡಿಸಿ, ಅದರೊಳಕ್ಕೆ ದಂಡಕಾಂತವನ್ನು ತೂರಿಸಿ ತೋರಿಸುತ್ತಿದ್ದುದು ನಿಮಗೆ ನೆನಪಿರಬಹುದು. ಕಾಂತ ಸುಮ್ಮನಿದ್ದರೆ ಮುಳ್ಳು ಅಲುಗದು. ಚಲಿಸಿದರೆ ಮಾತ್ರ ಓಲಾಡುತ್ತದೆ. (ಮುಂದಿನ ಬೆಂಚಿನವರಿಗೆ ಮಾತ್ರ ಮುಳ್ಳು ಕಾಣುತ್ತಿತ್ತು; ಹಿಂದಿನವರು ನನ್ನ ಮಾತನ್ನು ನಂಬಿ ಬರೆದುಕೊಳ್ಳುತ್ತಿದ್ದಿರಿ.) ಸೌರ ಬಿರುಗಾಳಿ ಮಾಡುವುದೂ ಅದನ್ನೇ. ಸೂರ್ಯನು ಒಮ್ಮೊಮ್ಮೆ ನೂರು ಕೋಟಿ ಟನ್ನುಗಳ ಲೆಕ್ಕದಲ್ಲಿ ಕಾಂತತ್ವ ಹೊತ್ತ ಪ್ಲಾಸ್ಮಾವನ್ನು ಉಗುಳುತ್ತಾನೆ. ಅದು ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನಗಳಲ್ಲಿ ಇಲ್ಲಿಗೆ ತಲುಪಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ. ಕೆಳಗೆ ನೆಲದ ಮೇಲೆ ನೂರಾರು ಕಿಲೋಮೀಟರ್ ಉದ್ದದ ತಂತಿ, ಅದರ ಎರಡು ತುದಿಗಳಲ್ಲಿ ಟ್ರಾನ್ಸ್‌ಫಾರ್ಮರ್, ಎರಡಕ್ಕೂ ಅರ್ಥಿಂಗ್. ನೆಲವೂ ತಂತಿಯೂ ಸೇರಿ ಒಂದು ಸುರುಳಿಯಾಯಿತು.

ಈ ಸುರುಳಿಯಲ್ಲಿ ಹರಿಯುವ ಪ್ರವಾಹ ಬಹಳ ನಿಧಾನವಾಗಿ ಬದಲಾಗುವಂಥದು, ಹೆಚ್ಚುಕಡಮೆ ನೇರ ವಿದ್ಯುತ್ತಿನಂತೆ. ಟ್ರಾನ್ಸ್‌ಫಾರ್ಮರಾದರೋ ಪರ್ಯಾಯ ವಿದ್ಯುತ್ತಿಗಾಗಿ ಮಾಡಿದ ಯಂತ್ರ. ಅದರೊಳಕ್ಕೆ ಅರ್ಥಿಂಗಿನ ದಾರಿಯಿಂದ ನೇರ ವಿದ್ಯುತ್ತು ನುಗ್ಗಿದರೆ, ಪ್ರತಿ ಆವರ್ತದ ಅರ್ಧಭಾಗದಲ್ಲಿ ಒಳಗಿನ ಕಬ್ಬಿಣದ ತಿರುಳು ಹಿಡಿಸಲಾರದಷ್ಟು ಕಾಂತತ್ವದಿಂದ ತುಂಬಿಹೋಗುತ್ತದೆ. ಆಗ ಯಂತ್ರ ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ, ಜಾಲದ ವೋಲ್ಟೇಜನ್ನು ಕುಗ್ಗಿಸುತ್ತದೆ. ಶುದ್ಧವಾಗಿದ್ದ ವಿದ್ಯುತ್ ಅಲೆಗೆ ಎರಡರಷ್ಟು, ಮೂರರಷ್ಟು ಆವರ್ತಾಂಕದ ಅಪಸ್ವರಗಳನ್ನು ಬೆರೆಸುತ್ತದೆ. ಈ ಅಪಸ್ವರಗಳನ್ನು ಮರೆಯಬೇಡಿ.

1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ ಉತ್ತರದ ಜೇಮ್ಸ್ ಕೊಲ್ಲಿಯ ಜಲವಿದ್ಯುತ್ತು 735 ಕಿಲೋವೋಲ್ಟ್ ಮಾರ್ಗಗಳಲ್ಲಿ ಸುಮಾರು 1000 ಕಿಲೋಮೀಟರ್ ದಕ್ಷಿಣಕ್ಕೆ, ಮಾಂಟ್ರಿಯಲ್ ಕಡೆಗೆ ಹರಿಯುತ್ತದೆ. ನೆಲದಡಿಯಲ್ಲಿರುವುದು ಪುರಾತನವಾದ ಗಟ್ಟಿ ಅಗ್ನಿಶಿಲೆ. ಅದು ವಿದ್ಯುತ್ತನ್ನು ಸುಲಭವಾಗಿ ಹಾಯಗೊಡದು. ಹಾಗಾಗಿ ಪ್ರವಾಹ ತಂತಿಯ ದಾರಿಯನ್ನೇ ಹಿಡಿಯಿತು. ನಸುಕಿನ ಎರಡೂಮುಕ್ಕಾಲರ ಹೊತ್ತಿಗೆ, ವೋಲ್ಟೇಜನ್ನು ಸರಿದೂಗಿಸುವ ಏಳು ಉಪಕರಣಗಳು ಒಂದು ನಿಮಿಷದೊಳಗೆ ಒಂದರ ಹಿಂದೊಂದು ತಾವಾಗಿಯೇ ನಿಂತುಹೋದವು. ಒಟ್ಟು ತೊಂಬತ್ತು ಸೆಕೆಂಡುಗಳಲ್ಲಿ ಇಡೀ ಪ್ರಾಂತ್ಯದ ಜಾಲ ಕುಸಿಯಿತು. ಅರವತ್ತು ಲಕ್ಷ ಜನ, ಕೆನಡಾದ ಚಳಿಯಲ್ಲಿ, ಸುಮಾರು ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿದ್ದರು.

ಆ ಏಳು ಉಪಕರಣಗಳು ಸುಟ್ಟುಹೋಗಿದ್ದವೇ? ಇಲ್ಲ. ಅವುಗಳ ಕಾವಲಿಗೆಂದು ಇಟ್ಟಿದ್ದ ರಿಲೇಗಳು ಮೇಲೆ ಹೇಳಿದ ಅಪಸ್ವರಗಳನ್ನು ಕಂಡು ಅಪಾಯವೆಂದು ತಿಳಿದು, ಬಿಗಿಯಾಗಿ ಕಟ್ಟಿಟ್ಟ ಮಿತಿಯ ಪ್ರಕಾರ ಅವನ್ನು ಜಾಲದಿಂದ ಬಿಡಿಸಿಬಿಟ್ಟವು. ಅವು ಅತ್ಯಂತ ಬೇಕಾಗಿದ್ದ ಗಳಿಗೆಯೂ ಅದೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಮುಂದೆ ಅಲ್ಲಿನ ಇಂಜಿನಿಯರುಗಳು ರಿಲೇಗಳ ಮಿತಿಯನ್ನು ಸಡಿಲಿಸಿದರು. ಉದ್ದದ ಮಾರ್ಗಗಳಿಗೆ ಸರಣಿಯಲ್ಲಿ ಕೆಪ್ಯಾಸಿಟರುಗಳನ್ನು ಹಾಕಿದರು. ಕೆಪ್ಯಾಸಿಟರ್ ಪರ್ಯಾಯ ವಿದ್ಯುತ್ತನ್ನು ಬಿಟ್ಟು ನೇರ ವಿದ್ಯುತ್ತನ್ನು ತಡೆಯುತ್ತದೆಂಬುದು ನೀವೆಲ್ಲ ಪರೀಕ್ಷೆಯಲ್ಲಿ ಬರೆದ ಉತ್ತರವೇ. 2003ರ ಅಕ್ಟೋಬರ್ ಕೊನೆಯಲ್ಲಿ ಮತ್ತೊಂದು ಘೋರ ಬಿರುಗಾಳಿ ಬಂದಾಗ ಕ್ವಿಬೆಕ್ ಬೀಳಲಿಲ್ಲ. ಬಿದ್ದದ್ದು ಸ್ವೀಡನ್ನಿನ ಮಾಲ್ಮೋ ನಗರ. ಸುಮಾರು 50,000 ಗ್ರಾಹಕರಿಗೆ ಅರ್ಧ ಗಂಟೆಯ ಆಸುಪಾಸು ವಿದ್ಯುತ್ತಿಲ್ಲ. ಅಲ್ಲಿಯೂ ಕಾರಣ, 150 ಹರ್ಟ್ಜ್‌ನ ಅಪಸ್ವರಕ್ಕೆ ಅತಿಯಾಗಿ ಬೆಚ್ಚುವ ಒಂದು ರಿಲೇ! ಹದಿನಾಲ್ಕು ವರ್ಷಗಳ ಹಿಂದೆ ಒಂದು ದೇಶ ಕಲಿತ ಪಾಠವನ್ನು ಇನ್ನೊಂದು ದೇಶ ಮತ್ತೆ ದುಡ್ಡು ಕೊಟ್ಟು ಕಲಿಯಿತು.

ಯಂತ್ರಗಳು ನಿಜವಾಗಿಯೇ ಕೆಡುವುದೂ ಉಂಟು. ಅದನ್ನು ಮುಚ್ಚಿಟ್ಟರೆ ನಾನು ಪ್ರಾಮಾಣಿಕನಾಗಲಾರೆ. 1989ರ ಬಿರುಗಾಳಿಯಲ್ಲೇ ಅಮೆರಿಕದ ನ್ಯೂಜೆರ್ಸಿಯ ಸೇಲಂ ಅಣುಸ್ಥಾವರದ ದೊಡ್ಡ ಟ್ರಾನ್ಸ್‌ಫಾರ್ಮರ್ ಒಳಗೊಳಗೇ ಬೆಂದುಹೋಯಿತು. ಊರ ಹೊರಗಿನ ಟಿ.ಸಿ. ಸುಟ್ಟರೆ ಗಲಾಟೆ ಮಾಡಿ ವಾರದಲ್ಲಿ ಬೇರೆ ತರಿಸಿಕೊಳ್ಳಬಹುದು. ಈ ದೈತ್ಯಗಳು ಹಾಗಲ್ಲ. ಬೇಡಿಕೆ ಕೊಟ್ಟ ಮೇಲೆ ತಯಾರಾಗಿ ಬರಲು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ.

ಈಗ "ನಮ್ಮ ಕಡೆ ಆಗೋದಿಲ್ಲ" ಎಂಬ ಮಾತಿಗೆ ಬರೋಣ. ಇದರಲ್ಲಿ ಅರ್ಧ ಸತ್ಯವಿದೆ. ಧ್ರುವಗಳಿಗೆ ಸಮೀಪದ ನಾಡುಗಳಿಗೆ ಬೀಳುವ ಪೆಟ್ಟು ಭೂಮಧ್ಯರೇಖೆಗೆ ಹತ್ತಿರವಿರುವ ನಮಗೆ ಬೀಳುವುದಿಲ್ಲ. ಆದರೆ ದೂರವಿದ್ದೇವೆಂಬ ನೆಮ್ಮದಿ ದಕ್ಷಿಣ ಆಫ್ರಿಕದವರಿಗೂ ಇತ್ತು. 2003ರ ಬಿರುಗಾಳಿಯ ನಂತರದ ತಿಂಗಳುಗಳಲ್ಲಿ ಅಲ್ಲಿ ಹಲವು ದೊಡ್ಡ ಟ್ರಾನ್ಸ್‌ಫಾರ್ಮರುಗಳು ಕೆಟ್ಟವು. ಪರಿಶೀಲಿಸಿದ ತಜ್ಞರು ಆ ಬಿರುಗಾಳಿಗೂ ಈ ಕೇಡಿಗೂ ನಂಟು ಕಂಡರು. ಇನ್ನೊಂದು ಸಂಗತಿ ಮುಂಬಯಿಯದು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಕಣ್ಣು ಕೋರೈಸುವ ಬಿಳಿ ಬೆಳಕೊಂದನ್ನು ಕಂಡ. ಒಂದು ದಿನ ತುಂಬುವ ಮೊದಲೇ ಬಿರುಗಾಳಿ ಭೂಮಿಯನ್ನು ತಲುಪಿತು. ಅಮೆರಿಕದ ಬೋಸ್ಟನ್ ಮತ್ತು ಪೋರ್ಟ್‌ಲೆಂಡ್ ನಡುವಿನ ತಂತಿ ಕಚೇರಿಯವರು ಬ್ಯಾಟರಿಯನ್ನು ಕಳಚಿಟ್ಟು, ಆಕಾಶದಿಂದ ಒದಗಿದ ವಿದ್ಯುತ್ತಿನಲ್ಲಿಯೇ ಸಂದೇಶ ಕಳುಹಿಸಿದರು. ಅದೇ ವೇಳೆಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣ ಭೂಕಾಂತಕ್ಷೇತ್ರವು ಸುಮಾರು 1600 ನ್ಯಾನೋಟೆಸ್ಲಾ ಕುಸಿದದ್ದನ್ನು ದಾಖಲಿಸಿತು. ಆ ಬಿರುಗಾಳಿ ಎಷ್ಟು ದೊಡ್ಡದೆಂದು ಇಂದಿನ ವಿಜ್ಞಾನಿಗಳು ಅಳೆಯುವಾಗ ತೆಗೆದುನೋಡುವ ಕಡತ ನಮ್ಮ ನೆಲದ್ದೇ. ಹೀಗಿರುವಾಗ "ಕೆನಡಾದವರ ತಲೆನೋವು" ಎನ್ನಲು ಬಾಯಿ ಹೇಗೆ ಬರುತ್ತದೆ?

1859ರಲ್ಲಿ ನಮ್ಮಲ್ಲಿ ವಿದ್ಯುತ್ ಜಾಲವಿರಲಿಲ್ಲ. ಇಂದು 765 ಕಿಲೋವೋಲ್ಟ್ ಮಾರ್ಗಗಳಿವೆ. ವೋಲ್ಟೇಜು ಹೆಚ್ಚಿದಷ್ಟೂ ತಂತಿಯ ರೋಧ ಕಡಮೆ. ರೋಧ ಕಡಮೆಯಾದಷ್ಟೂ ಈ ಬೇಡದ ಪ್ರವಾಹಕ್ಕೆ ದಾರಿ ಸಲೀಸು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿಗೂ ಸೊಲ್ಲಾಪುರಕ್ಕೂ ನಡುವೆ ಇಂಥದೇ ಮಾರ್ಗ ಜೋಡಣೆಯಾಗಿ, ಅದುವರೆಗೆ ಬೇರೆಯಾಗಿಯೇ ಮಿಡಿಯುತ್ತಿದ್ದ ದಕ್ಷಿಣದ ಜಾಲ ದೇಶದ ಜಾಲದೊಡನೆ ಒಂದಾಯಿತು. ಅದು ಒಳ್ಳೆಯ ಕೆಲಸವೇ. ಬೇಸಗೆಯಲ್ಲಿ ನಮಗೆ ಹೊರಗಿನ ವಿದ್ಯುತ್ತು ಸಿಗಲು ಅದೂ ಒಂದು ದಾರಿ. ಆದರೆ ನೆರೆಯ ಮನೆಯ ಗೋಡೆಗೆ ಗೋಡೆ ಕೂಡಿಸಿದ ಮೇಲೆ ಅಲ್ಲಿನ ಬೆಂಕಿ ನಮಗೆ ಸಂಬಂಧಿಸಿದ್ದಲ್ಲವೆನ್ನಲಾಗದು.

2012ರ ಜುಲೈ 23ರಂದು ಸೂರ್ಯ ಉಗುಳಿದ ಒಂದು ಮಹಾಪ್ರವಾಹ ಭೂಮಿಯ ಕಕ್ಷೆಯನ್ನು ದಾಟಿಹೋಯಿತು. ಆಗ ಭೂಮಿ ಅಲ್ಲಿರಲಿಲ್ಲ. ಸುಮಾರು ಒಂದು ವಾರ ಮೊದಲಾಗಿದ್ದರೆ ಇರುತ್ತಿತ್ತು. ಅದೇ ತಿಂಗಳ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿಯಿತು. ಎರಡನೆಯ ದಿನ 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ಎರಡಕ್ಕೂ ಸಂಬಂಧ ಕಟ್ಟಿ ಸಂದೇಶ ಕಳುಹಿಸಬೇಡಿ, ಸಂಬಂಧವಿಲ್ಲ. ಆದರೆ ಕುಸಿತ ಶುರುವಾದ ಬಗೆಯನ್ನು ಗಮನಿಸಿ. ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗದಲ್ಲಿ ಹೊರೆ ಹೆಚ್ಚಿತ್ತು, ದೋಷವೇನೂ ಇರಲಿಲ್ಲ. ಹೊರೆಯನ್ನೇ ದೋಷವೆಂದು ತಿಳಿದ ರಿಲೇ ಮಾರ್ಗವನ್ನು ಕಡಿಯಿತು. ಸೂರ್ಯನ ಹಂಗಿಲ್ಲದೆಯೇ ನಾವು ಹೀಗೆ ಬೀಳಬಲ್ಲೆವಾದರೆ, ಸೂರ್ಯನೂ ಒಂದು ಕೈ ಹಚ್ಚಿದ ದಿನ ಏನಾದೀತು?

ಮಾಡಲಾಗದ ಕೆಲಸವೇನಲ್ಲ ಇದು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 2001ರಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೇ ಕಾರಣಕ್ಕೆ ಕೆಟ್ಟಿತು. 2024ರ ಮೇ ತಿಂಗಳಲ್ಲಿ, ನಮ್ಮ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿ ಕಂಡ ಆ ಬಿರುಗಾಳಿಯಲ್ಲಿ, ನ್ಯೂಜಿಲೆಂಡಿನವರು ಮುಂಜಾಗ್ರತೆಯಾಗಿ ಕೆಲವು ಮಾರ್ಗಗಳನ್ನು ತಾವೇ ಬಿಡಿಸಿಟ್ಟು ರಾತ್ರಿ ಕಳೆದರು. ಅಮೆರಿಕದಲ್ಲಿ ಇಂಥ ಬಿರುಗಾಳಿಯನ್ನು ಲೆಕ್ಕಕ್ಕೆ ಹಿಡಿದೇ ಜಾಲವನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಯನ್ನು ಸೇರಿತು. ಅದರ ಮುಖ್ಯ ಉಪಕರಣವನ್ನು ಕಟ್ಟಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ಆ ತಾಣವನ್ನು ಬಿರುಗಾಳಿ ದಾಟಿದ ಮೇಲೆ ನಮಗೆ ಸಿಗುವುದು ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ಕಾಲಾವಕಾಶ. ಅಷ್ಟರಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಹೊರೆ ಇಳಿಸಬೇಕು ಎಂಬುದು ಮೊದಲೇ ಬರೆದಿಟ್ಟಿರಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಆ ವೇಳೆ ಸಾಲದು.

ಆದ್ದರಿಂದ ನಕ್ಕ ಆ ಹುಡುಗನಿಗೆ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದೇನೆ. ನಿನ್ನ ಸಬ್‌ಸ್ಟೇಷನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ಅರ್ಥಿಂಗಿನಲ್ಲಿ ಹರಿಯುವ ನೇರ ಪ್ರವಾಹವನ್ನು ಅಳೆಯುವ ಸಾಧನವಿದೆಯೇ? ಅಪಸ್ವರ ಬಂದಾಗ ನಿನ್ನ ರಿಲೇ ಏನು ಮಾಡುತ್ತದೆಂದು ಪರೀಕ್ಷಿಸಿದ್ದೀರಾ? ಬಿರುಗಾಳಿಯ ಮುನ್ಸೂಚನೆ ಬಂದರೆ ಅದು ನಿನ್ನ ಮೇಜಿಗೆ ಯಾವ ದಾರಿಯಿಂದ ಬರುತ್ತದೆ? ನಿಮ್ಮಲ್ಲಿ ಇದೇ ಉದ್ಯೋಗದಲ್ಲಿರುವವರು ಇನ್ನೂ ನಾಲ್ಕೈದು ಜನರಿದ್ದೀರಿ. ನಿಮಗೂ ಇವೇ ಪ್ರಶ್ನೆಗಳು. ಅವನ ಉತ್ತರ ಇನ್ನೂ ಬಂದಿಲ್ಲ. ಬಂದ ಕೂಡಲೇ ಇಲ್ಲಿಯೇ ತಿಳಿಸುತ್ತೇನೆ.