ಅಗಸಿಯೊಳಗಿನ ವಸ್ತುಸಂಗ್ರಹಾಲಯ: ನವರಂಗ ದರ್ವಾಜವನ್ನು ಕುರಿತು

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಗಳಲ್ಲಿ ‘ಅಗಸಿ’ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ಊರಿನ ಸುತ್ತ ಗೋಡೆಯೇ ಉಳಿದಿಲ್ಲದಿದ್ದರೂ, ಕಲ್ಲಿನ ಬಾಗಿಲು ಎಂದೋ ಬಿದ್ದುಹೋಗಿದ್ದರೂ ಆ ಜಾಗ ಅಗಸಿಯೇ. ಅದರ ಹತ್ತಿರ ಹನುಮಪ್ಪನ ಗುಡಿ, ಹಿರಿಯರು ಕೂಡುವ ಕಟ್ಟೆ. ಕಾರಹುಣ್ಣಿಮೆಯ ದಿನ ಎತ್ತುಗಳು ಕರಿ ಹರಿಯುವುದೂ ಅಲ್ಲಿಯೇ. ಮದುವೆಯ ದಿಬ್ಬಣ ಎದುರುಗೊಳ್ಳುವುದು, ದೂರದ ಬಂಧುವನ್ನು ಬೀಳ್ಕೊಡುವುದು ಅಲ್ಲಿಂದಲೇ. ಅಗಸಿ ಎಂಬುದು ಒಂದು ಕಟ್ಟಡದ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಒಳಗು-ಹೊರಗುಗಳನ್ನು ಕುರಿತ ಒಂದು ನಡವಳಿಕೆಯ ಹೆಸರು. ಇಂಥ ಸೀಮೆಯ ವಿದ್ಯಾರ್ಥಿಯೊಬ್ಬ ಸುಮಾರು 90 ಕಿ.ಮೀ. ದೂರವನ್ನು ಬಸ್ಸಿನಲ್ಲಿ ಕ್ರಮಿಸಿ ರಾಯಚೂರಿಗೆ ಬಂದು, ಕೋಟೆಯ ಉತ್ತರ ದಿಕ್ಕಿನ ನವರಂಗ ದರ್ವಾಜದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡುತ್ತಾನೆ ಎಂದುಕೊಳ್ಳೋಣ. ಅವನು ಮೂರ್ತಿಗಳನ್ನು ನೋಡುತ್ತಾನೆ, ಕಲ್ಲುಗಳನ್ನು ನೋಡುತ್ತಾನೆ, ಹೊರಬರುತ್ತಾನೆ. ಅಷ್ಟು ಹೊತ್ತು ತಾನು ನಿಂತಿದ್ದುದು ಒಂದು ಅಗಸಿಯ ಒಳಗೆ ಎಂಬುದು ಅವನ ಅರಿವಿಗೆ ಬಂದಿರುತ್ತದೆಯೇ?

ಈ ಪ್ರಶ್ನೆ ಕ್ಷುಲ್ಲಕವಲ್ಲ. ಕೃಷ್ಣಾ-ತುಂಗಭದ್ರೆಯರ ನಡುವಣ ದೋಆಬ್ ಪ್ರದೇಶದ ಚರಿತ್ರೆಯೆಲ್ಲವೂ ಒಂದರ್ಥದಲ್ಲಿ ಬಾಗಿಲುಗಳ ಚರಿತ್ರೆ. ರಾಯಚೂರಿನ ಒಳಕೋಟೆ ಕಾಕತೀಯರ ಕಾಲದ್ದೆಂಬುದಕ್ಕೆ 1294ರ ತೆಲುಗು ಶಾಸನವೇ ಆಧಾರ. ಆದವಾನಿ, ಮಾನುವ ಮೊದಲಾದ ಕೋಟೆಗಳನ್ನು ಗೆದ್ದ ಸೇನಾನಿಗಳು ಇಲ್ಲಿಗೆ ಬಂದು ಕಟ್ಟಿದ ಸಂಗತಿಯನ್ನು ಅದು ಹೇಳುತ್ತದೆ. ಈ ‘ಮಾನುವ’ವೇ ಸಿಂಧನೂರಿನ ದಾರಿಯಲ್ಲಿ ಸಿಗುವ ಇಂದಿನ ಮಾನ್ವಿ. ಶಾಸನವಿರುವ ಬಂಡೆಯ ಉದ್ದ 41 ಅಡಿಗೂ ಹೆಚ್ಚು. ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ಜಾನುವಾರುಗಳಿಂದ ಎಳೆಯಿಸಿ ತಂದ ದೃಶ್ಯವನ್ನು ಅಲ್ಲಿಯೇ ಗೋಡೆಯಲ್ಲಿ ಕೊರೆದಿದ್ದಾರೆ. ದಂಡನಾಯಕರ ಹೆಸರು ಅಕ್ಷರದಲ್ಲಿ ಉಳಿಯಿತು, ಕಲ್ಲು ಎಳೆದವರ ದುಡಿಮೆ ಚಿತ್ರದಲ್ಲಿ ಉಳಿಯಿತು. ಎರಡನೆಯದನ್ನು ಓದುವ ಅಭ್ಯಾಸ ಚರಿತ್ರೆಯ ವಿದ್ವಾಂಸರಿಗೆ ತಡವಾಗಿಯೇ ಬಂದಿತೆನ್ನಬೇಕು.

ಹೊರಕೋಟೆಯ ಬಾಗಿಲುಗಳ ಹೆಸರುಗಳು ಭಾಷಾಭ್ಯಾಸಿಗೆ ಒಂದು ಹಬ್ಬ. ಪಶ್ಚಿಮಕ್ಕೆ ಮೆಕ್ಕಾ ದರ್ವಾಜ, ಪೂರ್ವಕ್ಕೆ ಕಾಟಿ ದರ್ವಾಜ, ದಕ್ಷಿಣಕ್ಕೆ ಖಂದಕ್ ದರ್ವಾಜ, ನೈರುತ್ಯಕ್ಕೆ ದೊಡ್ಡಿ ದರ್ವಾಜ, ಉತ್ತರಕ್ಕೆ ನವರಂಗ ಅಥವಾ ನೌರಂಗಿ ದರ್ವಾಜ. ಖಂದಕ್ ಎಂಬ ಅರಬ್ಬಿ ಮಾತು ಕನ್ನಡದಲ್ಲಿ ಕಂದಕವಾಗಿ ಎಷ್ಟು ನೆಲೆಯೂರಿದೆಯೆಂದರೆ ಅದನ್ನು ಪರಭಾಷೆಯದೆಂದು ಯಾರೂ ಗುರುತಿಸುವುದಿಲ್ಲ. ದೊಡ್ಡಿ ಎಂಬುದನ್ನು ದನದ ದೊಡ್ಡಿಯೊಂದಿಗೆ ಹೊಂದಿಸಬೇಕೋ, ಚಿಕ್ಕ ಬಾಗಿಲಿಗೆ ಕನ್ನಡದಲ್ಲಿರುವ ದಿಡ್ಡಿ ಎಂಬ ಮಾತಿನೊಂದಿಗೆ ಹೊಂದಿಸಬೇಕೋ ಎಂಬುದು ವಿಚಾರಾರ್ಹ. ನವರಂಗವಂತೂ ಎರಡು ದಿಕ್ಕಿಗೂ ಬಾಗಿಲು ತೆರೆದಿಟ್ಟಿರುವ ಹೆಸರು. ‘ನೌರಂಗಿ’ ಎಂದರೆ ಒಂಬತ್ತು ಬಣ್ಣದ್ದು ಎಂದು ಒಬ್ಬ ಕೇಳಿಸಿಕೊಂಡರೆ, ಗುಡಿಯ ನವರಂಗವನ್ನು ಕಂಡು ಬೆಳೆದವನಿಗೆ ಅದು ಕಂಬಗಳ ಮಂಟಪವನ್ನೇ ನೆನಪಿಸುತ್ತದೆ. ಇವೆರಡರಲ್ಲಿ ಒಂದನ್ನು ಶುದ್ಧವೆಂದು ಎತ್ತಿಹಿಡಿದು ಇನ್ನೊಂದನ್ನು ಅಪಭ್ರಂಶವೆಂದು ತಳ್ಳಿಹಾಕುವ ಹಟ ಈ ಸೀಮೆಯ ನುಡಿಗೆ ಹೊಂದುವಂಥದಲ್ಲ.

ನವರಂಗ ದರ್ವಾಜವನ್ನು ಕೃಷ್ಣದೇವರಾಯನ 1520ರ ವಿಜಯದೊಂದಿಗೆ ಜೋಡಿಸುವುದು ರೂಢಿ. ಅದರ ಉಬ್ಬುಶಿಲ್ಪಗಳು ವಿಜಯನಗರದ ಶೈಲಿಯವು. ಆ ಯುದ್ಧವನ್ನು ಕುರಿತು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದುದನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ, ಕರ್ನಾಟಕದ ಇತಿಹಾಸ ಪುಸ್ತಕಗಳಲ್ಲಿ ಅದು ಸೈನ್ಯದ ಬೃಹತ್ ಅಂಕಿಗಳ ಕಥನವಾಗಿಯೇ ಬೆಳೆದು ಬಂದಿದೆ. ಆದರೆ ಅದೇ ಬರಹದಲ್ಲಿ ಬೇರೊಂದು ವಿವರವೂ ಇದೆ. ಮುತ್ತಿಗೆಯ ದಿನಗಳಲ್ಲಿ ಗೋಡೆಯ ಬುಡಕ್ಕೆ ಹೋಗಿ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಹಣ ಕೊಡಲಾಗುತ್ತಿತ್ತು. ಅತ್ತ ಪೋರ್ಚುಗೀಸ್ ಕೋವಿಗಾರರು ಗೋಡೆಯ ಮೇಲಿನವರನ್ನು ಹೊಡೆದುರುಳಿಸುತ್ತಿದ್ದರು. ಕೋವಿಯ ಹೊಸ ಕಾಲವೂ ಹಾರೆಯ ಹಳೆಯ ಕಾಲವೂ ಒಂದೇ ಗೋಡೆಯ ಮುಂದೆ ಕೂಡಿದ್ದವು.

ಇದಕ್ಕಿಂತ ಮುಖ್ಯವಾದುದು ಮುಂದಿನ ಸಂಗತಿ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. 1530ರಲ್ಲಿ ಇಸ್ಮಾಯಿಲ್ ಆದಿಲ್‌ಶಾಹ ರಾಯಚೂರು ಮತ್ತು ಮುದಗಲ್ ಕೋಟೆಗಳೆರಡನ್ನೂ ಮರಳಿ ಪಡೆದ. ವಿಜಯದ ಸ್ಮಾರಕವೆಂದು ಹೆಸರಾದ ಬಾಗಿಲು ಗೆದ್ದವರ ಕೈಯಲ್ಲಿ ಆ ಸರದಿಯಲ್ಲಿ ಉಳಿದದ್ದು ಹತ್ತು ವರ್ಷ ಮಾತ್ರ. ಕೋಟೆ ಮತ್ತೂ ಕೈ ಬದಲಾಯಿಸಿ, 1565ರ ನಂತರ ವಿಜಾಪುರದ ಪಾಲಾಯಿತು. ಸೋತವರ ಕೈಗೆ ಬಂದ ಮೇಲೂ ಬಾಗಿಲನ್ನು ಕೆಡವಿಹಾಕಲಿಲ್ಲ, ಬಳಸಿದರು. ಶತ್ರುವಿನ ಶಿಲ್ಪಗಳಿರುವ ದ್ವಾರದಲ್ಲಿ ಕಾವಲಿನವರು, ಸರಕಿನ ಬಂಡಿಗಳು, ಪಡೆಗಳು ಹಾದುಹೋದವು. ಈ ದೀರ್ಘಕಾಲದ ಬಳಕೆಯನ್ನು ಬಿಟ್ಟು ಒಂದು ವರ್ಷದ ಗೆಲುವನ್ನಷ್ಟೇ ಹೇಳುವ ಫಲಕ ಚರಿತ್ರೆಯನ್ನು ಹೇಳಿದಂತಾಗುವುದಿಲ್ಲ, ಹೊಗಳುಭಟರ ಕೆಲಸವನ್ನು ಮುಂದುವರಿಸಿದಂತಾಗುತ್ತದೆ.

ಕೋಟೆಬಾಗಿಲನ್ನು ವಸ್ತುಸಂಗ್ರಹಾಲಯ ಮಾಡುವುದರಿಂದ ಒಂದು ಲಾಭ ಖಂಡಿತ ಇದೆ. ಕಾವಲು ಸಿಗುತ್ತದೆ, ಸೂರು ಸೋರದಂತೆ ನೋಡಿಕೊಳ್ಳುವ ಹೊಣೆ ಒಂದು ಇಲಾಖೆಯ ಮೇಲೆ ಬೀಳುತ್ತದೆ, ಕಲ್ಲು ಕಿತ್ತೊಯ್ಯುವವರ ಕಾಟ ತಪ್ಪುತ್ತದೆ. ನಾಡಿನ ಎಷ್ಟೋ ಕೋಟೆಗಳ ಬಾಗಿಲುಗಳು ಹುಲ್ಲಿನ ಬಣವೆಗೂ ತಿಪ್ಪೆಗೂ ಆಸರೆಯಾಗಿ ನಿಂತಿರುವಾಗ ಈ ಲಾಭವನ್ನು ಹಗುರವಾಗಿ ಕಾಣಬಾರದು. ಆದರೆ ಬಾಗಿಲಿನ ಸ್ವಭಾವವೇ ಹಾಯುವುದು. ವಸ್ತುಸಂಗ್ರಹಾಲಯದ ಸ್ವಭಾವ ಇಡುವುದು, ಬೀಗ ಹಾಕುವುದು. ಎರಡನ್ನೂ ಒಂದೇ ಕಟ್ಟಡದಲ್ಲಿ ಕೂಡಿಸಿದಾಗ ಬಾಗಿಲು ಕೋಣೆಯಾಗುತ್ತದೆ. ಕಮಾನುಗಳು, ಕಾವಲುಗಟ್ಟೆಗಳು, ಅಗಳಿ ಕೂರುವ ಗೋಡೆಯ ತೂತುಗಳು, ಕದದ ತಿರುಗಣಿ ಕಲ್ಲುಗಳು ಇವೆಲ್ಲವೂ ಮೂರ್ತಿಗಳನ್ನು ಇಡಲು ಅನುಕೂಲವಾದ ಹಿನ್ನೆಲೆಯಾಗಿಬಿಡುವ ಅಪಾಯವಿದೆ. ಸಂಗ್ರಹಾಲಯದ ಮೊದಲನೆಯ ವಸ್ತು ಆ ಬಾಗಿಲೇ ಎಂಬುದನ್ನು ನೋಡುಗನಿಗೆ ಹೇಳಿದ ಮೇಲೆಯೇ ಉಳಿದುದನ್ನು ತೋರಿಸಬೇಕು.

ಇದಕ್ಕೆ ಹೋಲಿಕೆ ದೂರದಲ್ಲಿ ಹುಡುಕಬೇಕಾಗಿಲ್ಲ. ವಿಜಾಪುರದ ಗೋಲಗುಮ್ಮಟದ ಮುಂದಿರುವ ನಗಾರಖಾನೆಯಲ್ಲಿ 1892ರಿಂದಲೂ ವಸ್ತುಸಂಗ್ರಹಾಲಯವಿದೆ. ನಗಾರಿಯ ನಾದಕ್ಕೆಂದು ಕಟ್ಟಿದ ಕಟ್ಟಡ ಮೌನದಿಂದ ನೋಡುವ ಜಾಗವಾಗಿದೆ. ಹೊರನಾಡಿನ ನಿದರ್ಶನ ಬೇಕಿದ್ದರೆ ಜರ್ಮನಿಯ ಲ್ಯೂಬೆಕ್ ನಗರದ ಹೋಲ್ಸ್ಟೆನ್ ಬಾಗಿಲನ್ನು ನೋಡಬಹುದು. ಹದಿನೈದನೆಯ ಶತಮಾನದ ಆ ಬಾಗಿಲನ್ನು ಕೆಡವಬೇಕೋ ಬೇಡವೋ ಎಂಬ ಚರ್ಚೆ ನಡೆದು, 1863ರಲ್ಲಿ ಕೇವಲ ಒಂದು ಮತದ ಅಂತರದಿಂದ ಅದು ಉಳಿಯಿತು. 1950ರಿಂದ ಅದು ವಸ್ತುಸಂಗ್ರಹಾಲಯ. ಅಲ್ಲಿ ಇಟ್ಟಿರುವುದು ಬಹುಮಟ್ಟಿಗೆ ಆ ನಗರದ ವ್ಯಾಪಾರ ಮತ್ತು ಹಡಗುಗಳ ಕಥೆ, ಅಂದರೆ ಆ ಬಾಗಿಲಿನ ಮೂಲಕ ಹಾದುಹೋದುದರ ಕಥೆ. ರಾಯಚೂರಿನ ಬಾಗಿಲಲ್ಲಿ ಹಾದುಹೋದದ್ದೇನು? ಕುದುರೆ, ಜೋಳ, ಹತ್ತಿ, ಸುಂಕ, ಸೆರೆಯಾಳು. ಈ ದಿಕ್ಕಿನಲ್ಲಿ ಯೋಚಿಸಿದರೆ ಬಾಗಿಲು ತಾನೇ ಮಾತನಾಡತೊಡಗುತ್ತದೆ.

ಜಿಲ್ಲಾ ವಸ್ತುಸಂಗ್ರಹಾಲಯಗಳ ಶಿಲ್ಪಗಳಿಗೆ ಸಾಮಾನ್ಯವಾಗಿ ಅಂಟಿಸುವ ಚೀಟಿಯಲ್ಲಿ ದೇವರ ಹೆಸರು, ಕಲ್ಲಿನ ಜಾತಿ, ಶತಮಾನ ಇರುತ್ತವೆ. ಊರಿನ ಹೆಸರು ಇದ್ದರೆ ಭಾಗ್ಯ. ಯಾವ ಹೊಲದ ಬದುವಿನಲ್ಲಿತ್ತು, ಯಾರು ಎಣ್ಣೆ ಹಚ್ಚುತ್ತಿದ್ದರು, ಊರವರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದಂತೂ ಇರುವುದೇ ಇಲ್ಲ. ವೀರಗಲ್ಲಿನ ವಿಷಯದಲ್ಲಿ ಇದು ಹೆಚ್ಚಿನ ನಷ್ಟ. ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದವನ ಕಲ್ಲನ್ನು ಊರಿನ ಅಗಸಿಯ ಬಳಿ ನಿಲ್ಲಿಸುತ್ತಿದ್ದರು. ತನ್ನೂರಿನ ಬಾಗಿಲು ಕಾದು ಸತ್ತವನು ಈಗ ಬೇರೊಂದು ಊರಿನ ಬಾಗಿಲಿನಲ್ಲಿ ಹೆಸರಿಲ್ಲದೆ ಕಾವಲು ನಿಲ್ಲಬೇಕಾದ ಪರಿಸ್ಥಿತಿ ವಿಚಿತ್ರವೇ ಸರಿ.

ಇದಕ್ಕೆ ವಿರುದ್ಧವಾದ ಮಾದರಿಯೊಂದು ಇದೇ ಜಿಲ್ಲೆಯಲ್ಲಿದೆ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿತ್ತು. ‘ದೇವಾನಾಂಪಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿದ್ದುದರಿಂದ, ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಅದುವರೆಗೆ ಮಾಡಿದ್ದ ಊಹೆ ದೃಢವಾಯಿತು. ಆ ಬಂಡೆಯನ್ನು ಯಾರೂ ಹೊತ್ತೊಯ್ಯಲಿಲ್ಲ, ಹೊತ್ತೊಯ್ಯುವಂತೆಯೂ ಇರಲಿಲ್ಲ. ಇಂದಿಗೂ ನೋಡಬೇಕೆನ್ನುವವನು ಮಸ್ಕಿಗೇ ಹೋಗಬೇಕು. ಆದುದರಿಂದಲೇ ಅಶೋಕನ ಹೆಸರಿನೊಂದಿಗೆ ಮಸ್ಕಿಯ ಹೆಸರು ಬೆಸೆದುಕೊಂಡಿತು. ಅಲ್ಲಿನ ಚಿಕ್ಕ ವಸ್ತುಗಳಿಗೆ ಮಾತ್ರ ಈ ಭಾಗ್ಯ ದೊರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಸ್ಕಿಯಲ್ಲಿ ಆಯ್ದುಕೊಂಡ ರಾಬರ್ಟ್ ಬ್ರೂಸ್ ಫೂಟ್‌ನ ಸಂಗ್ರಹ ಮದ್ರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ನಡೆಸಿ ಸಿದ್ಧಪಡಿಸಿದ ವರದಿ ಇಂಗ್ಲಿಷಿನಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ‘ಪಿರಿಯ ಮೊಸಂಗಿ’ ಎನ್ನಿಸಿಕೊಂಡಿದ್ದ ಊರಿನ ಮಕ್ಕಳು ತಮ್ಮ ಊರಿನ ಮಣಿ, ಮಡಕೆಗಳನ್ನು ಕಾಣಬೇಕಾದರೆ ಎಷ್ಟು ಬಾಗಿಲು ತಟ್ಟಬೇಕು?

ಲಿಂಗಸುಗೂರು 1905ರವರೆಗೆ ನಿಜಾಮರ ಆಡಳಿತದಲ್ಲಿ ತಾನೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಅನಂತರ ರಾಯಚೂರಿಗೆ ಸೇರಿತು. 1956ರಲ್ಲಿ ರಾಯಚೂರು ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. ಹೀಗೆ ಆಡಳಿತದ ಬಾಗಿಲು ಬದಲಾದಂತೆಲ್ಲ ಈ ಸೀಮೆಯ ಸ್ಮೃತಿಯ ಒಂದೊಂದು ತುಂಡು ಒಂದೊಂದು ಊರಿನಲ್ಲಿ ಉಳಿಯಿತು. ಸಿಂಧನೂರಿನ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಎರೆಭೂಮಿ ಬತ್ತದ ಗದ್ದೆಯಾದಾಗ, ನೆಲವನ್ನು ಮಟ್ಟ ಮಾಡಲೇಬೇಕಾಯಿತು. ದಿಬ್ಬವೊಂದು ಹಾಳೂರಿನ ಗುರುತೋ ಬರಿಯ ಮಣ್ಣೋ ಎಂದು ನಿಂತು ಕೇಳುವ ವ್ಯವಧಾನ ಯಂತ್ರಕ್ಕೆ ಇರುವುದಿಲ್ಲ. ನೀರು ಬಂದುದನ್ನು ಯಾರೂ ಹಳಿಯಲಾರರು, ಅದರಿಂದ ಸಾವಿರಾರು ಮನೆಗಳ ಒಲೆ ಉರಿದಿದೆ. ಆದರೆ ಉಳಿದಿರುವ ದಿಬ್ಬಗಳನ್ನಾದರೂ ಪಟ್ಟಿ ಮಾಡುವುದಕ್ಕೆ ನೀರಾವರಿ ಅಡ್ಡಿಯಲ್ಲ.

ಹಾಗಾದರೆ ಮುದಗಲ್ ಕೋಟೆಯ ಬಾಗಿಲೊಂದನ್ನೂ ವಸ್ತುಸಂಗ್ರಹಾಲಯ ಮಾಡಿಬಿಡೋಣ ಎಂಬ ಸಲಹೆ ಸುಲಭವಾಗಿ ಹೊರಡಬಹುದು. ಅದು ಎಚ್ಚರದಿಂದ ನೋಡಬೇಕಾದ ಸಲಹೆ. ಲಿಂಗಸುಗೂರು ತಾಲ್ಲೂಕಿನ ಈ ಕೋಟೆ ವಿಜಯನಗರ-ಬಹಮನಿ ಸಂಘರ್ಷದ ಕಥನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಕ್ಕಸಾಲಿಗನ ಮಗಳ ನೆಪದಲ್ಲಿ ಒಂದನೆಯ ದೇವರಾಯನಿಗೂ ಫಿರೋಜಶಾಹನಿಗೂ ಯುದ್ಧವಾಯಿತೆಂದು ಫೆರಿಷ್ತಾ ಹೇಳುವ ಪ್ರಸಂಗ ಎಲ್ಲರಿಗೂ ಗೊತ್ತು. ಆದರೆ ಮುದಗಲ್‌ನ ಹೆಸರು ಇಂದು ಈ ಸೀಮೆಯ ಜನರ ಬಾಯಲ್ಲಿರುವುದು ಯುದ್ಧದಿಂದಲ್ಲ, ಮೊಹರಮ್ಮಿನಿಂದ. ಹಿಂದೂ ಮುಸಲ್ಮಾನರೆನ್ನದೆ ಸುತ್ತಣ ಹಳ್ಳಿಗಳವರು ಅಲಾಯಿಗೆ ಹೊರಟು ಬರುವ, ರಿವಾಯತ್ ಪದಗಳು ಕನ್ನಡದಲ್ಲಿಯೇ ಹುಟ್ಟಿ ಹಾಡಾಗುವ ಪರಿಸರ ಅದು. ಅಲ್ಲಿಯ ಬಾಗಿಲುಗಳಿಗೆ ಇನ್ನೂ ಹಾಯುವ ಜನರಿದ್ದಾರೆ. ಅಂಥ ಬಾಗಿಲಿಗೆ ಟಿಕೆಟಿನ ಕಿಟಕಿ ಇಡುವುದು ರಕ್ಷಣೆಯಲ್ಲ. ಸಂಗ್ರಹಾಲಯ ಬೇಕು ಎನ್ನುವುದಾದರೆ ಬಾಗಿಲಿನ ಪಕ್ಕದಲ್ಲಿ, ಊರಿನ ಯಾವುದಾದರೂ ಹಳೆಯ ಸರ್ಕಾರಿ ಕಟ್ಟಡದಲ್ಲಿ ಆಗಲಿ. ಮಸ್ಕಿಯದು ಮಸ್ಕಿಯಲ್ಲಿಯೇ ಆಗಬೇಕು. ಮೂಲವಸ್ತು ಬರಲು ಕಾಯಿದೆಯ ತೊಡಕುಗಳಿದ್ದರೆ ಪ್ರತಿಕೃತಿ, ಛಾಯಾಚಿತ್ರಗಳಾದರೂ ಬರಲಿ.

ನವರಂಗ ದರ್ವಾಜದ ಮಟ್ಟಿಗೆ ಆಗಬೇಕಾದ ಕೆಲಸ ದೊಡ್ಡ ವೆಚ್ಚದ್ದಲ್ಲ, ಅದರಲ್ಲಿ ಹೆಚ್ಚಿನ ಪಾಲು ಕನ್ನಡ ವಿಭಾಗಗಳದೇ. ಕದ, ಅಗಳಿ, ತಿರುಗಣಿ, ಹುಡೇವು, ದಿಡ್ಡಿ, ಕಂದಕ ಮೊದಲಾದ ಮಾತುಗಳನ್ನು ಇಂಗ್ಲಿಷ್ ಪಾರಿಭಾಷಿಕಗಳ ಪೆಡಸು ಅನುವಾದಕ್ಕೆ ಬದಲಾಗಿ ಫಲಕಗಳಿಗೆ ಒದಗಿಸಬಹುದು. 1520ರ ಜೊತೆಗೆ 1530 ಮತ್ತು 1565ನ್ನೂ ಅದೇ ಫಲಕದಲ್ಲಿ ಕಾಣಿಸಬಹುದು. ಸಂಗ್ರಹಾಲಯದ ದಾಖಲೆ ಪುಸ್ತಕದಲ್ಲಿ ಊರಿನ ಹೆಸರಿರುವ ಪ್ರತಿಯೊಂದು ಕಲ್ಲಿಗೂ ಒಬ್ಬೊಬ್ಬ ವಿದ್ಯಾರ್ಥಿ ಆಯಾ ಊರಿಗೆ ಹೋಗಿ, ಕಲ್ಲು ಇದ್ದ ಜಾಗ, ಅದನ್ನು ಕರೆಯುತ್ತಿದ್ದ ಹೆಸರು, ಅದರ ಬಗ್ಗೆ ಇರುವ ಕಥೆ ಇವನ್ನು ಕೇಳಿ ಬರೆದುಕೊಳ್ಳಬಹುದು. ಹೇಳಬಲ್ಲವರಿಗೆ ವಯಸ್ಸಾಗಿದೆ, ಕೆಲವು ಊರುಗಳಲ್ಲಿ ಆಗಲೇ ತಡವಾಗಿರಲೂಬಹುದು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಪದವಿ ಕಾಲೇಜುಗಳಿವೆ. ಕ್ಷೇತ್ರಕಾರ್ಯಕ್ಕೆಂದು ದೂರದ ಹಂಪಿಗೆ ಬಸ್ಸು ಹೊರಡಿಸುವ ಮೊದಲು, ಊರಿನ ಅಗಸಿಯಿಂದ ಪಟ್ಟಿಯನ್ನು ಆರಂಭಿಸಿ, ಆ ಪಟ್ಟಿಯನ್ನು ಹಿಡಿದುಕೊಂಡು ರಾಯಚೂರಿನ ಈ ಬಾಗಿಲಿಗೆ ಬರಬಹುದು.