ಉರುಳಿಗೆ ಹಂದಿ ಯಾವುದು, ಕಡವೆ ಯಾವುದು?

ಬೆಳೆಗಾರರು ನಾಲ್ಕು ಜನ ಸೇರಿದಲ್ಲಿ ಕಾಡುಪ್ರಾಣಿಗಳ ಉಪಟಳದ ಮಾತು ಬಾರದೇ ಇರುವುದಿಲ್ಲ. ಆನೆ, ಹಂದಿ, ಕೋತಿಗಳಿಂದಾದ ನಷ್ಟದ ಲೆಕ್ಕ ಮುಗಿದ ಮೇಲೆ ‘ಬೇಟೆಗೆ ಮತ್ತೆ ಅನುಮತಿ ಕೊಡಬೇಕು’ ಎಂಬ ಸಲಹೆ ಹೊರಡುತ್ತದೆ. ಅದರ ಬೆನ್ನಿಗೇ ಹಿರಿಯರೊಬ್ಬರು ‘ಹಂದಿ ಬಿಟ್ಟರೆ ಈಗ ಕಾಡಿನಲ್ಲಿ ಇರುವುದಾದರೂ ಏನು? ಕಾಡುಕುರಿಯ ಕೂಗು ಕೇಳಿ ಎಷ್ಟು ಕಾಲವಾಯಿತು!’ ಎನ್ನುತ್ತಾರೆ. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ಯೋಚಿಸುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.

ಕಾವಲು ಬಿಗಿಯಾಗಿರುವ ನಾಗರಹೊಳೆ, ಬಂಡೀಪುರಗಳಲ್ಲಿ ಜಿಂಕೆಯ ಹಿಂಡುಗಳಿಗೆ ಇಂದಿಗೂ ಕೊರತೆಯಿಲ್ಲ. ನಾವು ಹೇಳುತ್ತಿರುವುದು ಅಭಯಾರಣ್ಯದ ಗಡಿಯಿಂದ ಈಚೆಗಿನ ಮಾತು. ಬಾಣೆ, ಸೊಪ್ಪಿನಬೆಟ್ಟ, ಕಾನು, ತೋಟದ ಅಂಚು, ಇವು ಕಡವೆ, ಕಾಡುಕುರಿ ಮತ್ತು ಮೊಲದ ಗಾತ್ರದ ಬರ್ಕ ಓಡಾಡುವ ಜಾಗಗಳು. ಇಲ್ಲಿಯೇ ಅವು ಅಪರೂಪವಾಗುತ್ತಿವೆ. ಕಡವೆಯಂತೂ 2008ರಿಂದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಅಪಾಯದ ಪಟ್ಟಿಗೆ ಸೇರಿದೆ.

ಇದಕ್ಕೆ ಕಾರಣ ಒಂದೇ ಅಲ್ಲ. ಹುಲ್ಲು ಬೆಳೆಯುತ್ತಿದ್ದ ಹಡ್ಲುಗಳು ತೋಟಗಳಾದವು. ಕಾಡಿನೊಳಗೆ ಲಂಟಾನ ಹಬ್ಬಿ ಮೇವನ್ನು ಮುಚ್ಚಿತು. ತೋಟದ ಕೆಳಗಿನ ಹಳುವನ್ನು ಕಳೆನಾಶಕ ಹೊಡೆದು ಬೋಳು ಮಾಡಿದ ಮೇಲೆ ಮರಿಯನ್ನು ಅಡಗಿಸಲು ಮರೆಯೇ ಉಳಿಯಲಿಲ್ಲ. ಆದರೆ ಮೇವೂ ಮರೆಯೂ ಇರುವ ಕಾಡು ಕೂಡ ಬೇಟೆಯಿಂದ ಬರಿದಾಗುತ್ತದೆ. ಎಂ.ಡಿ. ಮಧುಸೂದನ್ ಮತ್ತು ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕಾವಲಿದ್ದ ಭಾಗವನ್ನೂ ಬೇಟೆ ನಡೆಯುತ್ತಿದ್ದ ಭಾಗವನ್ನೂ ಹೋಲಿಸಿ 2002ರಲ್ಲಿ ಅಧ್ಯಯನ ಪ್ರಕಟಿಸಿದರು. ಬೇಟೆಯ ಭಾಗದಲ್ಲಿ ಜಿಂಕೆ, ಕಾಟಿಗಳಂತಹ ದೊಡ್ಡ ಪ್ರಾಣಿಗಳು ಎದ್ದು ಕಾಣುವಷ್ಟು ಕಡಿಮೆ ಇದ್ದವು.

ಬೇಟೆ ನಮ್ಮ ಸೀಮೆಗೆ ಹೊಸದಲ್ಲ. ನಾಟಿ ಮುಗಿದು ಕೊಡಗಿನಲ್ಲಿ ಕೈಲ್ ಮುಹೂರ್ತ ಬಂತೆಂದರೆ ಕೋವಿಗೆ ಪೂಜೆ. ಮಲೆನಾಡಿನಲ್ಲಿ ಹಳು ನುಗ್ಗುವವರು ಒಂದು ಕಡೆ, ಬಿಲ್ಲಿಗೆ ನಿಲ್ಲುವವರು ಒಂದು ಕಡೆ. ಹೊಡೆದ ಪ್ರಾಣಿಯ ಪಾಲು ಊರಿಗೆಲ್ಲ ಸಲ್ಲುತ್ತಿತ್ತು. ಆಗಲೂ ಕಾನೂನು ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆಯ ರೆಗ್ಯುಲೇಷನ್ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೂ ಮೊದಲು ಬೇಟೆಯ ಲೈಸೆನ್ಸಿಗೆ ಅವಕಾಶವಿತ್ತು. ಅದು ನಿಂತದ್ದು 1991ರ ತಿದ್ದುಪಡಿಯಿಂದ. ಅಂದಿನಿಂದ ಮೋಜಿಗಾಗಲಿ ಮಾಂಸಕ್ಕಾಗಲಿ ಜಿಂಕೆ ಹೊಡೆಯುವುದು ಅಪರಾಧ.

ಕಾನೂನು ಬಿಗಿಯಾದ ಮೇಲೆ ಹಳೆಯ ಬೇಟೆ ಹೋಯಿತು. ಅದರ ಜಾಗದಲ್ಲಿ ಇನ್ನೂ ಕೆಟ್ಟದ್ದು ಉಳಿಯಿತು. ರಾತ್ರಿ ಕಣ್ಣಿಗೆ ಲೈಟು ಬಿಟ್ಟು, ನಿಂತಲ್ಲೇ ನಿಂತ ಪ್ರಾಣಿಗೆ ಈಡು ಹಾರಿಸುವುದು. ಬೈಕಿನ ಕ್ಲಚ್ ವೈರಿನ ಉರುಳನ್ನು ಬೇಲಿಯ ಕಂಡಿಗೆ ಕಟ್ಟಿ ಬೆಳಿಗ್ಗೆ ಹೋಗಿ ನೋಡುವುದು. ಹೆಸರಿಗೆ ಇದು ಹಂದಿಯ ಉರುಳು. ಆದರೆ ಉರುಳಿಗೆ ಹಂದಿ ಯಾವುದು, ಕಡವೆ ಯಾವುದು ಎಂದು ಗೊತ್ತೇ? ಗಬ್ಬದ ಹೆಣ್ಣು ಯಾವುದು, ಗಂಡು ಯಾವುದು ಎಂದಾದರೂ ಗೊತ್ತೇ?

ನಮ್ಮ ಮಾತಿನ ತಿರುಳು ಇಲ್ಲಿದೆ. ಕಾಡುಹಂದಿ ನಾಲ್ಕು ತಿಂಗಳ ಗಬ್ಬಕ್ಕೆ ನಾಲ್ಕಾರು ಮರಿ ಹಾಕುತ್ತದೆ. ಕಾಡುಕುರಿ ಸುಮಾರು ಏಳು ತಿಂಗಳು, ಕಡವೆ ಸುಮಾರು ಎಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತವೆ. ಒಂದೇ ಬೇಲಿಯ ಉರುಳಿಗೆ ಎರಡು ಹಂದಿ, ಎರಡು ಕಡವೆ ಬಿದ್ದವೆಂದು ಇಟ್ಟುಕೊಳ್ಳೋಣ. ಹಂದಿಯ ಸಂಖ್ಯೆ ಮುಂದಿನ ವರ್ಷಕ್ಕೆ ಭರ್ತಿಯಾಗುತ್ತದೆ; ಕಡವೆಯದು ಆಗುವುದಿಲ್ಲ. ಹೀಗೆ ವರ್ಷದಿಂದ ವರ್ಷಕ್ಕೆ ಉರುಳು ಹಂದಿಯನ್ನು ಉಳಿಸಿ ಜಿಂಕೆಯ ಕುಲವನ್ನು ತೆಗೆಯುತ್ತದೆ. ಬೆಳೆಗಾರನಿಗೆ ಇದಕ್ಕಿಂತ ನಷ್ಟದ ವ್ಯಾಪಾರ ಉಂಟೇ?

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಕಾಡಿನಲ್ಲಿ ಆಹಾರ ತಪ್ಪಿದ ಚಿರತೆಗೆ ಕಾಣುವುದು ನಮ್ಮ ನಾಯಿ, ಕರು, ಕೊಟ್ಟಿಗೆ. ಅದೇ ಚಿರತೆ ಅದೇ ಉರುಳಿಗೆ ಬಿದ್ದರೆ ವೈರು ಕಟ್ಟಿದವನು ಯಾರೇ ಇರಲಿ, ಮೊದಲು ಉತ್ತರ ಹೇಳಬೇಕಾದವನು ತೋಟದ ಯಜಮಾನ. ಚಿರತೆಯಂತಹ ಮೊದಲ ಪಟ್ಟಿಯ ಪ್ರಾಣಿ ಸತ್ತ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು.

‘ಫಸಲು ಹೋಗುತ್ತಿರುವಾಗ ಜಿಂಕೆಯ ಚಿಂತೆ ಏಕೆ?’ ಎಂದು ಕೇಳುವ ಸದಸ್ಯರ ಸಂಕಟ ನಮಗೆ ತಿಳಿಯದ್ದಲ್ಲ. ಎರಡು ಎಕರೆ ತೋಟದವನಿಗೆ ಒಂದು ರಾತ್ರಿಯ ಹಂದಿ ದಾಳಿಯೂ ದೊಡ್ಡ ಪೆಟ್ಟು. ಕಡವೆಯೂ ಎಳೆಯ ಸಸಿಗೆ ಬಾಯಿ ಹಾಕುವುದುಂಟು. ಆದರೆ ಬೆಳೆ ಕಾಯುವುದು ಬೇರೆ, ಬೇಟೆ ಬೇರೆ. ಬೆಳೆಗೆ ಅಪಾಯ ತರುವ ಎರಡನೆಯ ಪಟ್ಟಿಯ ಪ್ರಾಣಿಯನ್ನು ಲಿಖಿತ ಆದೇಶದ ಮೇಲೆ ಕೊಲ್ಲಲು ಕಾಯಿದೆಯ 11ನೇ ಕಲಮಿನಲ್ಲಿ ಅವಕಾಶವಿದೆ. 2022ರಲ್ಲಿ ಕೇರಳ ಸರ್ಕಾರ ಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ವಹಿಸಿತು. ವಿಷ, ಸಿಡಿಮದ್ದು, ವಿದ್ಯುತ್ತು ಬಳಸಕೂಡದೆಂದು ಷರತ್ತನ್ನೂ ಹಾಕಿತು. ನಾವು ಸರ್ಕಾರವನ್ನು ಕೇಳಬೇಕಾದದ್ದು ಇಂತಹ, ಸಣ್ಣ ಹಿಡುವಳಿದಾರನ ಕೈಗೆ ಎಟಕುವ ಏರ್ಪಾಡನ್ನು ಮತ್ತು ತಡವಿಲ್ಲದ ಬೆಳೆ ಪರಿಹಾರವನ್ನು. ಅದನ್ನು ಕೇಳುವಾಗ ನಮ್ಮ ಬೇಲಿಯಲ್ಲಿ ಉರುಳು ತೂಗುತ್ತಿದ್ದರೆ ನಮ್ಮ ಮಾತಿಗೆ ಬೆಲೆ ಎಲ್ಲಿಂದ ಬಂದೀತು?

ಹಾಗಾದರೆ ಬೇಟೆಯ ಭವಿಷ್ಯವೇನು? ಜಿಂಕೆಯ ಬೇಟೆಗೆ ನಮ್ಮ ಸೀಮೆಯಲ್ಲಿ ಭವಿಷ್ಯವಿಲ್ಲವೆಂದು ನೇರವಾಗಿಯೇ ಹೇಳುತ್ತೇವೆ. ಕಾನೂನು ನಾಳೆ ಸಡಿಲವಾದರೂ ಹೊಡೆಯುವಷ್ಟು ಪ್ರಾಣಿ ನಮ್ಮ ಕಾಡಂಚುಗಳಲ್ಲಿ ಉಳಿದಿಲ್ಲ. ಕೋವಿಗೆ ಇರುವ ಗೌರವ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ, ವಿಸ್ತರಿಸಲಾಗಿದೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಬೇಟೆಯಾಡಲು ಅಲ್ಲ. ರಾತ್ರಿ ಬೇಟೆಯ ಒಂದೊಂದು ಪ್ರಕರಣವೂ ಆ ಹಕ್ಕಿನ ವಿರುದ್ಧ ವಾದಿಸುವವರ ಕೈಗೆ ನಾವೇ ಕೊಡುವ ಆಧಾರ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಕೊಯ್ಲಿಗೆ ಮುನ್ನ ಬೇಲಿ ಸರಿಪಡಿಸುವಾಗ ಸುತ್ತಲೂ ಒಮ್ಮೆ ನಡೆದು ಸಿಕ್ಕ ಉರುಳನ್ನೆಲ್ಲ ಕಿತ್ತು ಹಾಕಿರಿ. ತೋಟವನ್ನು ಗುತ್ತಿಗೆಗೆ ಕೊಡುವವರು ಉರುಳು, ಸಿಡಿಮದ್ದು ಕೂಡದೆಂದು ಕರಾರಿನಲ್ಲಿಯೇ ಬರೆಸಿರಿ. ಹಳ್ಳದ ದಂಡೆಯ ಹಳುವನ್ನು ಸವರದೆ ಬಿಡಿರಿ; ಮಣ್ಣೂ ಉಳಿಯುತ್ತದೆ, ಮರಿಗೆ ಮರೆಯೂ ಆಗುತ್ತದೆ. ರಾತ್ರಿ ನಾಯಿಗಳನ್ನು ಕಟ್ಟಿರಿ. ಕಡವೆಯೋ ಕಾಡುಕುರಿಯೋ ಕಂಡ ದಿನವನ್ನು ಮಳೆಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಗುರುತು ಹಾಕಿರಿ. ನಾಲ್ಕು ವರ್ಷ ಹಾಗೆ ಬರೆದಿಟ್ಟರೆ ಏನು ಉಳಿದಿದೆ, ಏನು ಹೋಗಿದೆ ಎಂಬುದಕ್ಕೆ ನಮ್ಮದೇ ದಾಖಲೆ ನಮ್ಮ ಕೈಯಲ್ಲಿರುತ್ತದೆ.