ರೋಗ ಹೋಯಿತೇ? ಬಸವನಹುಳುವನ್ನು ಕೇಳಿ

ಹತ್ತು ವರ್ಷದ ಮಗ ಬಂದು, 'ಉಮ್ಮಾ, ಮೂತ್ರದಲ್ಲಿ ರಕ್ತ ಬರುತ್ತಿದೆ' ಎಂದರೆ ನೀವೇನು ಮಾಡುತ್ತೀರಿ? ಆ ಕ್ಷಣವೇ ವೈದ್ಯರ ಬಳಿಗೆ ಓಡುತ್ತೀರಿ. ಆದರೆ ಪೂರ್ವ ಆಫ್ರಿಕಾದ ಝಾಂಝಿಬಾರ್ ದ್ವೀಪಗಳಲ್ಲಿ ತಲೆಮಾರುಗಳ ಕಾಲ ಇದು ಮಕ್ಕಳಲ್ಲಿ ಸಾಮಾನ್ಯವಾಗಿತ್ತು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅದರ ಹೆಸರು 'ಕಿಚೋಚೊ'. ವೈದ್ಯರು ಶಿಸ್ಟೊಸೋಮಿಯಾಸಿಸ್ ಎನ್ನುತ್ತಾರೆ. ಬಿಲ್ಹಾರ್ಝಿಯಾ ಎಂಬ ಇನ್ನೊಂದು ಹೆಸರೂ ಇದೆ. 1851ರಲ್ಲಿ ಕೈರೋದಲ್ಲಿ ಈ ಹುಳುವನ್ನು ಗುರುತಿಸಿದ ಜರ್ಮನ್ ವೈದ್ಯ ಥಿಯೊಡೋರ್ ಬಿಲ್ಹಾರ್ಝ್‌ನಿಂದ ಬಂದ ಹೆಸರದು.

ಈ ರೋಗ ಹರಡುವ ದಾರಿ ವಿಚಿತ್ರವಾದುದು. ರೋಗಿಯ ಮೂತ್ರದೊಂದಿಗೆ ಹುಳುವಿನ ಮೊಟ್ಟೆಗಳು ಕೆರೆಯನ್ನೋ ತೊರೆಯನ್ನೋ ಸೇರುತ್ತವೆ. ಮೊಟ್ಟೆಯೊಡೆದು ಬಂದ ಮರಿ ಸಿಹಿನೀರಿನ ಒಂದು ಜಾತಿಯ ಬಸವನಹುಳುವಿನ ದೇಹವನ್ನು ಹೊಗುತ್ತದೆ. ಕೆಲವು ವಾರ ಅದರೊಳಗೆ ಬೆಳೆದು, ಒಂದು ಮರಿ ಸಾವಿರಾರಾಗಿ ಮತ್ತೆ ನೀರಿಗೆ ಇಳಿಯುತ್ತದೆ. ಆ ನೀರಿನಲ್ಲಿ ಬಟ್ಟೆ ಒಗೆಯುವ ತಾಯಿ, ಈಜುವ ಹುಡುಗ, ವುಝೂ ಮಾಡುವ ವೃದ್ಧ ಯಾರೇ ಇರಲಿ, ಬರಿಗಣ್ಣಿಗೆ ಸರಿಯಾಗಿ ಕಾಣದ ಆ ಮರಿಗಳು ಚರ್ಮವನ್ನೇ ತೂರಿ ಒಳಸೇರುತ್ತವೆ. ನೀರು ಕುಡಿಯಬೇಕೆಂದೇನೂ ಇಲ್ಲ, ತಾಗಿದರೂ ಸಾಕು. ಬೆಳೆದ ಹುಳುಗಳು ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಚಿಕಿತ್ಸೆ ಸಿಗದಿದ್ದರೆ ಮೂತ್ರಪಿಂಡ ಹಾಳಾಗಬಹುದು, ಮೂತ್ರಕೋಶದ ಕ್ಯಾನ್ಸರ್ ಬರಬಹುದು. ಹೆಣ್ಣುಮಕ್ಕಳಲ್ಲಿ ಜನನಾಂಗದ ಹುಣ್ಣು, ರಕ್ತಸ್ರಾವ, ಬಂಜೆತನಕ್ಕೂ ಇದು ಕಾರಣ. ಅದನ್ನು ಲೈಂಗಿಕ ರೋಗವೆಂದು ತಪ್ಪಾಗಿ ತಿಳಿದು, ಏನೂ ಅರಿಯದ ಹೆಣ್ಣಿನ ಮೇಲೆ ಸಂಶಯಪಡುವುದೂ ಇದೆ.

ಇದಕ್ಕೆ ಔಷಧಿಯಿದೆ. ಪ್ರಾಝಿಕ್ವಾಂಟೆಲ್ ಎಂಬ ಅಗ್ಗದ ಮಾತ್ರೆ. 2012ರ ಸುಮಾರಿಗೆ ಆರಂಭವಾದ ಯೋಜನೆಯೊಂದರಲ್ಲಿ ಝಾಂಝಿಬಾರ್‌ನ ಉಂಗುಜಾ ಮತ್ತು ಪೆಂಬಾ ದ್ವೀಪಗಳ ಜನರಿಗೆ ವರ್ಷಕ್ಕೆ ಎರಡು ಬಾರಿ ಈ ಮಾತ್ರೆ ಹಂಚಲಾಯಿತು. ರೋಗ ಬಹಳಷ್ಟು ತಗ್ಗಿತು. 2017ರಲ್ಲಿ ಯೋಜನೆ ಮುಗಿಯಿತು, ಮಾತ್ರೆ ಹಂಚಿಕೆಗೆ ಒಂದು ವರ್ಷಕ್ಕೂ ಹೆಚ್ಚಿನ ಬಿಡುವು ಬಿತ್ತು. ಪೆಂಬಾದ ಕೆಲವೆಡೆ ರೋಗ ಮತ್ತೆ ತಲೆಯೆತ್ತಿತು.

ಏಕೆ? ಮಾತ್ರೆ ಮನುಷ್ಯನ ದೇಹದಲ್ಲಿರುವ ಹುಳುವನ್ನು ಕೊಲ್ಲುತ್ತದೆ, ಕೆರೆಯಲ್ಲಿರುವುದನ್ನಲ್ಲ. ಇಂದು ಮಾತ್ರೆ ನುಂಗಿದ ಮಗು ನಾಳೆ ಅದೇ ನೀರಿಗಿಳಿದರೆ ಮತ್ತೆ ರೋಗ ಅಂಟಬಹುದು. ಇನ್ನೊಂದು ತೊಡಕೂ ಇದೆ. ರೋಗ ಕಡಿಮೆಯಾದಂತೆ ಅದನ್ನು ಪತ್ತೆಹಚ್ಚುವುದು ಕಷ್ಟವಾಗುತ್ತದೆ. ಮಕ್ಕಳ ಮೂತ್ರವನ್ನು ಸೋಸಿ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಹುಡುಕುವುದು ಹಳೆಯ ಪದ್ಧತಿ. ಮೊಟ್ಟೆಗಳು ವಿರಳವಾಗಿದ್ದರೆ ಅವು ಕಣ್ತಪ್ಪುತ್ತವೆ. ಆಗ ಕಾಗದದ ಮೇಲೆ ರೋಗ ಇರುವುದಿಲ್ಲ, ಕೆರೆಯಲ್ಲಿ ಇರುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ರೋಗ ಹೋಯಿತೇ ಎಂದು ಮನುಷ್ಯನನ್ನು ಮಾತ್ರ ಕೇಳಿದರೆ ಸಾಲದು, ಬಸವನಹುಳುವನ್ನೂ ಕೇಳಬೇಕು.

ಹಿಂದೆ ಬಸವನಹುಳುವನ್ನು ನೀರಿನ ಬಟ್ಟಲಲ್ಲಿಟ್ಟು ಬೆಳಕಿಗೆ ಒಡ್ಡಿ, ಮರಿಗಳು ಹೊರಬರುತ್ತವೆಯೇ ಎಂದು ಕಾಯುತ್ತಿದ್ದರು. ರಾಶಿ ರಾಶಿ ಹುಳು ಹಿಡಿದರೂ ಮರಿ ಬಿಡುವವು ಬೆರಳೆಣಿಕೆಯಷ್ಟು. ಸೋಂಕು ತಗಲಿದ್ದರೂ ಮರಿ ಇನ್ನೂ ಬಲಿಯದ ಹುಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಈಗ ಪಿಸಿಆರ್ ವಿಧಾನದಿಂದ ಬಸವನಹುಳುವಿನೊಳಗೆ ಅಡಗಿರುವ ಪರಾವಲಂಬಿಯ ಡಿಎನ್‌ಎಯನ್ನೇ ಹುಡುಕಬಹುದು. ಕೋವಿಡ್ ಕಾಲದಲ್ಲಿ ನಮಗೆಲ್ಲ ಪರಿಚಯವಾದ ಅದೇ ಪಿಸಿಆರ್. ಬಸವನಹುಳುವನ್ನು ಹಿಡಿಯದೆಯೇ, ಕೆರೆಯ ನೀರನ್ನು ಸೋಸಿ ಅದರಲ್ಲಿ ಹುಳುವಿನ ಡಿಎನ್‌ಎ ಪತ್ತೆಹಚ್ಚಬಹುದೆಂದು ಕೆನ್ಯಾದಲ್ಲಿ ನಡೆದ ಅಧ್ಯಯನ 2019ರಲ್ಲಿ ತೋರಿಸಿತು.

ಪೆಂಬಾದಲ್ಲಿ ಈ ವಿಧಾನ ಇನ್ನೊಂದು ಗುಟ್ಟನ್ನೂ ಬಯಲು ಮಾಡಿತು. ಅಲ್ಲಿನ ಕೆಲವು ಬಸವನಹುಳುಗಳಲ್ಲಿದ್ದುದು ಮನುಷ್ಯನಿಗೆ ಕಿಚೋಚೊ ತರುವ ಹುಳುವಲ್ಲ, ದನಗಳನ್ನು ಕಾಡುವ ಅದರ ಹತ್ತಿರದ ಸಂಬಂಧಿ. ಎರಡರ ಮರಿಗಳನ್ನೂ ನೋಡಿ ಬೇರ್ಪಡಿಸುವುದು ಬಲು ಕಷ್ಟ. ಡಿಎನ್‌ಎ ಪರೀಕ್ಷೆ ಇಲ್ಲದಿದ್ದರೆ, ದನದ ರೋಗವಿರುವ ಕೆರೆಯ ಹಿಂದೆ ಹಣ ಸುರಿದು, ಮಕ್ಕಳಿಗೆ ರೋಗ ತರುವ ಕೆರೆಯನ್ನು ಮರೆತುಬಿಡುವ ಅಪಾಯವಿದೆ.

'ಬಡ ದೇಶಕ್ಕೆ ಇಷ್ಟು ದುಬಾರಿ ಪರೀಕ್ಷೆ ಏಕೆ? ಆ ದುಡ್ಡಿನಲ್ಲಿ ಮಾತ್ರೆ ಹಂಚಬಾರದೇ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ವಿಧಾನಕ್ಕೆ ಮಿತಿಗಳೂ ಇವೆ. ಬಸವನಹುಳುವಿನಲ್ಲಿ ಡಿಎನ್‌ಎ ಸಿಕ್ಕಿತೆಂದ ಮಾತ್ರಕ್ಕೆ ಅದು ರೋಗ ಹರಡಿಯೇ ತೀರುತ್ತದೆ ಎನ್ನಲಾಗದು. ಹಾಗಾಗಿ ಮೂತ್ರ ಪರೀಕ್ಷೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಯಾವ ಕೆರೆಯಲ್ಲಿ ಅಪಾಯವಿದೆ ಎಂದು ತಿಳಿಯದೆ ವರ್ಷ ವರ್ಷವೂ ಎಲ್ಲರಿಗೂ ಮಾತ್ರೆ ಹಂಚುತ್ತಲೇ ಇರುವುದೂ ಅಗ್ಗವಲ್ಲ. ಒಂದು ವಿಷಯ ಮಾತ್ರ ಖಂಡಿತ: ಪರೀಕ್ಷೆಯ ಫಲಿತಾಂಶ ಪ್ರಯೋಗಾಲಯದಲ್ಲೇ ಉಳಿಯಬಾರದು. 'ಈ ಕೆರೆಗೆ ಇಳಿಯಬೇಡಿ' ಎಂದು ಬಟ್ಟೆ ಒಗೆಯುವ ತಾಯಿಗೆ ಹೇಳಬೇಕು. ಹಾಗೆ ಹೇಳುವವರು ಅವಳ ಮನೆಯ ಬಳಿ ನಲ್ಲಿಯನ್ನೂ ಶೌಚಾಲಯವನ್ನೂ ಒದಗಿಸಬೇಕು.

ಝಾಂಝಿಬಾರ್‌ನ ಬಹುತೇಕ ಜನರು ಮುಸ್ಲಿಮರು. ಅಲ್ಲಿ ಮದ್ರಸಗಳ ಮೂಲಕವೂ ಮಕ್ಕಳಿಗೆ ಈ ರೋಗದ ತಿಳಿವಳಿಕೆ ನೀಡಲಾಗಿದೆ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ) ವಿರೋಧಿಸಿದ್ದರೆಂದು ನಾವು ಚಿಕ್ಕಂದಿನಲ್ಲೇ ಕಲಿಯುತ್ತೇವೆ. ಆ ಒಂದು ಶಿಸ್ತನ್ನು ಊರಿಗೆ ಊರೇ ಪಾಲಿಸಿದರೆ ಕಿಚೋಚೊ ಹುಳುವಿನ ಮೊಟ್ಟೆಗೆ ಕೆರೆಯ ದಾರಿಯೇ ಮುಚ್ಚುತ್ತದೆ.

ಇದು ನಮಗೇಕೆ ಎನ್ನುತ್ತೀರಾ? ಇಂದು ನಮ್ಮ ಕೆರೆ ಬಾವಿಗಳ ಬಗ್ಗೆ ಈ ರೋಗದ ಭಯ ಬೇಕಿಲ್ಲ. ಆದರೆ 1950ರ ದಶಕದಲ್ಲಿ ನೆರೆಯ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಇದೇ ರೋಗ ಪತ್ತೆಯಾಗಿತ್ತು. 2013ರಲ್ಲಿ ಫ್ರಾನ್ಸ್‌ನ ಕಾರ್ಸಿಕಾ ದ್ವೀಪದ ನದಿಯಲ್ಲಿ ಈಜಿದವರಿಗೂ ಅಂಟಿತು. ರೋಗ ಹೊತ್ತು ಬರಲು ಒಬ್ಬ ಪ್ರಯಾಣಿಕ ಸಾಕು, ಅದನ್ನು ಬೆಳೆಸಲು ತಕ್ಕ ಬಸವನಹುಳು ಬೇಕು.

ನಿಮ್ಮ ಮನೆಯವರು ಆಫ್ರಿಕಾದಲ್ಲೋ ಯೆಮನ್‌ನಲ್ಲೋ ಕೆಲಸಕ್ಕಿದ್ದು, ಅಲ್ಲಿನ ಕೆರೆ, ತೊರೆಗಳಿಗೆ ಇಳಿದಿದ್ದರೆ, ಊರಿಗೆ ಬಂದಾಗ ವೈದ್ಯರಿಗೆ ಅದನ್ನು ಹೇಳಲಿ. ಮೂತ್ರದಲ್ಲಿ ರಕ್ತ ಕಂಡರಂತೂ ನಾಚಿಕೆಯಿಂದ ಮುಚ್ಚಿಡಬಾರದು. ಕೇಳದೆ ನಮ್ಮ ವೈದ್ಯರಿಗೆ ಈ ರೋಗ ನೆನಪಾಗಲಿಕ್ಕಿಲ್ಲ. ನೆನಪಿಸುವ ಕೆಲಸ ನಮ್ಮದು.